ಡಿಕ್ಕಿಯ ಮೇಲಿನ ಅಕ್ಷರ, ಬಾನೆಟ್ಟಿನೊಳಗಿನ ಲೆಕ್ಕ

ಓದುಗರ ಪ್ರಶ್ನೆಗಳು: ವಾಹನ ವಿಭಾಗ

ಎರಡು ಸಂಚಿಕೆಗಳ ಹಿಂದೆ ಡೀಸೆಲ್ ಎಂಜಿನ್ನುಗಳ ಬಗ್ಗೆ ಬರೆಯುತ್ತ, 1970 ಮತ್ತು 80ರ ದಶಕಗಳಲ್ಲಿ ಅಮೆರಿಕದಲ್ಲಿ ಮಾರಾಟವಾದ ಮರ್ಸಿಡಿಸ್ ಡೀಸೆಲ್ ಕಾರುಗಳಲ್ಲಿ ಒಂದೇ ಹೆಸರಿನ ಹಲವು ಕಾರುಗಳಿವೆಯೆಂದು ಮಾತಿನ ನಡುವೆ ಒಂದು ಸಾಲು ಸೇರಿಸಿದ್ದೆ. ಲೇಖನದ ಉಳಿದ ಭಾಗಕ್ಕೆ ಬಾರದಷ್ಟು ಪತ್ರಗಳು ಆ ಒಂದು ಸಾಲಿಗೆ ಬಂದಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವುಗಳಲ್ಲಿ ಆರನ್ನು ಆರಿಸಿಕೊಂಡು, ಈ ತಿಂಗಳ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನ ಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿದ್ದಾನೆ. ಹಳೆಯ ಕಾರೊಂದನ್ನು ಕೊಂಡು ತಾನೇ ರಿಪೇರಿ ಮಾಡಿಕೊಳ್ಳಬೇಕೆಂಬ ಹಂಬಲ ಅವನದು. ಮಾರುವವರು ಅದನ್ನು 1983ರ ಮರ್ಸಿಡಿಸ್ 300ಡಿ ಟರ್ಬೊ ಎಂದು ಹೇಳುತ್ತಿದ್ದಾರೆ. ಡಿಕ್ಕಿಯ ಎಡಬದಿಯಲ್ಲಿ ‘300 ಡಿ’ ಎಂದೂ ಬಲಬದಿಯಲ್ಲಿ ‘ಟರ್ಬೊಡೀಸೆಲ್’ ಎಂದೂ ಇದೆ. ಮುಂದಿನ ಗಾಜಿನ ಒಳಗೆ ಕಾಣುವ ಪಟ್ಟಿಯಲ್ಲಿನ ಸಂಖ್ಯೆ ‘ಡಬ್ಲ್ಯು-ಡಿ-ಬಿ-ಎ-ಬಿ-2-3-ಎ’ ಎಂದು ಶುರುವಾಗುತ್ತದೆ. ಹತ್ತನೆಯ ಅಕ್ಷರ ‘ಸಿ’. ಮಗ ಕಳಿಸಿದ ಏಳು ಫೋಟೊಗಳನ್ನು ಲಗತ್ತಿಸಿದ್ದೇನೆ. ಇದು ಹೇಳಿದ ಕಾರೇ ಹೌದೇ? (ನಿವೃತ್ತ ಗಣಿತ ಅಧ್ಯಾಪಕರು, ಸೋಮೇಶ್ವರಪುರ, ತುಮಕೂರು)

ಉತ್ತರ: ಅಲ್ಲ ಮೇಷ್ಟ್ರೇ. ನಿಮ್ಮ ಮಗನ ಮುಂದೆ ನಿಂತಿರುವುದು 1982ರ ಮಾದರಿಯ 240ಡಿ, ಅಂದರೆ ಅದೇ ದೇಹದಲ್ಲಿ ಸಣ್ಣ ಎಂಜಿನ್ ಇರುವ ಕಾರು; ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಅದಕ್ಕಿಲ್ಲ. ಇಷ್ಟು ಖಚಿತವಾಗಿ ಹೇಳಲು ನೀವೇ ಬರೆದು ಕಳಿಸಿದ ಒಂಬತ್ತು ಅಕ್ಷರಗಳು ಸಾಕು, ಆದರೂ ಫೋಟೊಗಳನ್ನು ನೋಡಿದ ಮೇಲೆ ಆ ಖಚಿತತೆ ಇನ್ನೂ ಗಟ್ಟಿಯಾಯಿತು.

ಮೊದಲು ಸಂಖ್ಯೆಯನ್ನೇ ಓದೋಣ. ಅಮೆರಿಕದಲ್ಲಿ 1981ರ ಮಾದರಿಯಿಂದ ಈಚೆಗೆ ಪ್ರತಿಯೊಂದು ಕಾರಿಗೂ ಹದಿನೇಳು ಸ್ಥಾನಗಳ ಚಾಸಿ ನಂಬರ್ ಕಡ್ಡಾಯವಾಯಿತು. ಮೊದಲ ಮೂರು ಅಕ್ಷರಗಳು ತಯಾರಕರ ಗುರುತು. ನಾಲ್ಕು ಮತ್ತು ಐದನೆಯ ಸ್ಥಾನದ ‘ಎ-ಬಿ’ ಎಂದರೆ ಮರ್ಸಿಡಿಸ್‌ನವರು ತಮ್ಮಲ್ಲಿ ಡಬ್ಲ್ಯು123 ಎಂದು ಕರೆದುಕೊಂಡ, 1976ರಿಂದ 1985ರವರೆಗೆ ಸುಮಾರು 27 ಲಕ್ಷ ತಯಾರಾದ ಸರಣಿ. ಆರು ಮತ್ತು ಏಳನೆಯ ಸ್ಥಾನದಲ್ಲಿರುವ ಎರಡು ಅಂಕಿಗಳಲ್ಲೇ ಗುಟ್ಟೆಲ್ಲ ಅಡಗಿದೆ. ಕಾರ್ಖಾನೆಯ ಲೆಕ್ಕದಲ್ಲಿ 240ಡಿಗೆ 123.123, ಟರ್ಬೊ ಇಲ್ಲದ 300ಡಿಗೆ 123.130, ಟರ್ಬೊ ಇರುವ 300ಡಿಗೆ 123.133 ಎಂಬ ಸಂಖ್ಯೆಗಳಿದ್ದವು. ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳೇ ಅಮೆರಿಕದ ಪಟ್ಟಿಗೂ ಬಂದು ಕೂರುತ್ತವೆ. ನಿಮ್ಮಲ್ಲಿರುವುದು 23, ಟರ್ಬೊ 300ಡಿ ಆಗಿದ್ದರೆ 33 ಇರಬೇಕಿತ್ತು. ಅಲ್ಲಿ 53 ಕಂಡರೆ ಎರಡು ಬಾಗಿಲಿನ ಟರ್ಬೊ 300ಸಿಡಿ ಎಂದೂ, 93 ಕಂಡರೆ ಹಿಂಭಾಗ ಉದ್ದವಾಗಿರುವ ಟರ್ಬೊ 300ಟಿಡಿ ಎಂದೂ ತಿಳಿಯಬೇಕು. ಹತ್ತನೆಯ ಅಕ್ಷರ ಮಾದರಿ ವರ್ಷ: 1981ಕ್ಕೆ ‘ಬಿ’, 1982ಕ್ಕೆ ‘ಸಿ’, 1983ಕ್ಕೆ ‘ಡಿ’, ಹೀಗೆ. ಮಾರುವವರು ಹೆಸರಿನ ಜೊತೆಗೆ ವರ್ಷವನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದ್ದಾರೆ.

ನೀವು ಗಣಿತದವರಾದ್ದರಿಂದ ಒಂಬತ್ತನೆಯ ಸ್ಥಾನದ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಪರೀಕ್ಷಾ ಅಂಕಿ. ಎ ಇಂದ ಎಚ್ ವರೆಗಿನ ಅಕ್ಷರಗಳಿಗೆ ಕ್ರಮವಾಗಿ 1ರಿಂದ 8, ಡಬ್ಲ್ಯುಗೆ 6, ಹೀಗೆ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಉಂಟು. ಮೊದಲ ಎಂಟು ಸ್ಥಾನಗಳಿಗೆ 8, 7, 6, 5, 4, 3, 2, 10 ಎಂಬ ತೂಕಗಳು, ಒಂಬತ್ತನೆಯದಕ್ಕೆ ಸೊನ್ನೆ, ಆಮೇಲಿನ ಎಂಟಕ್ಕೆ 9ರಿಂದ 2ರವರೆಗೆ ಇಳಿಯುತ್ತ ಬರುವ ತೂಕಗಳು. ಬೆಲೆಯನ್ನು ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಒಂಬತ್ತನೆಯ ಸ್ಥಾನದಲ್ಲಿರಬೇಕು. ಶೇಷ 10 ಬಂದರೆ ಅಲ್ಲಿ ‘ಎಕ್ಸ್’ ಇರುತ್ತದೆ. ಕುತೂಹಲಕ್ಕೆಂದು ನಿಮ್ಮ ಮೊದಲ ಎಂಟು ಸ್ಥಾನಗಳನ್ನು ನಾನು ಕೂಡಿದೆ. ಮೊತ್ತ ಸರಿಯಾಗಿ 123 ಬಂದಿತು! ಇದು ಕಾಕತಾಳೀಯವೇ ಹೊರತು ಅದರಲ್ಲಿ ಯಾವ ಸಂಕೇತವೂ ಇಲ್ಲ, ಆದರೆ ಬೆಳಗಿನ ಕಾಫಿಯ ಹೊತ್ತಿಗೆ ಖುಷಿ ಕೊಟ್ಟಿತು. ಉಳಿದ ಸ್ಥಾನಗಳನ್ನು ಮಗನಿಂದ ತರಿಸಿಕೊಂಡು ಲೆಕ್ಕ ಪೂರ್ತಿ ಮಾಡಿ. ತಾಳೆಯಾಗದಿದ್ದರೆ ಯಾರೋ ಪಟ್ಟಿಯನ್ನೇ ತಿದ್ದಿದ್ದಾರೆ, ಇಲ್ಲವೇ ನಿಮ್ಮ ಮಗ ನಕಲು ಮಾಡುವಾಗ ತಪ್ಪಿದ್ದಾನೆ.

ಇನ್ನು ಫೋಟೊಗಳು. ಐದನೆಯ ಫೋಟೊದಲ್ಲಿ ಬಾನೆಟ್ ತೆರೆದಿದೆ. ಡೀಸೆಲ್ ಪಂಪಿನ ನೆತ್ತಿಯಿಂದ ಬೆರಳು ಗಾತ್ರಕ್ಕಿಂತ ಸಣ್ಣ ಉಕ್ಕಿನ ಪೈಪುಗಳು ಸಾಲಾಗಿ ಎದ್ದು, ಬಾಗಿ, ಒಂದೊಂದು ಸಿಲಿಂಡರಿನ ನಾಜಲ್ಲಿಗೆ ಒಂದೊಂದರಂತೆ ಹೋಗುವುದನ್ನು ಭೂತಕನ್ನಡಿ ಹಿಡಿದು ಎಣಿಸಿ ನೋಡಿ. ನಾಲ್ಕೇ ಇವೆ. 240ಡಿಯ ಓಎಂ616 ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್, 300ಡಿಯ ಓಎಂ617ರಲ್ಲಿ ಐದು. ಎರಡರಲ್ಲೂ ಸಿಲಿಂಡರಿನ ಅಳತೆ ಒಂದೇ: ಆರಂಭದ ವರ್ಷಗಳ 2404 ಸಿಸಿಯನ್ನು ನಾಲ್ಕರಿಂದ, 3005 ಸಿಸಿಯನ್ನು ಐದರಿಂದ ಭಾಗಿಸಿದರೆ ಎರಡು ಕಡೆಯೂ 601 ಬರುತ್ತದೆ. ನಾಲ್ಕರ ಎಂಜಿನ್ನಿಗೆ ಇನ್ನೊಂದು ಸಿಲಿಂಡರ್ ಜೋಡಿಸಿದರೆ ಐದರದ್ದಾಗುತ್ತದೆ ಎಂಬಷ್ಟು ಹತ್ತಿರದ ಅಣ್ಣತಮ್ಮಂದಿರು ಇವು. ಹಾಗಾಗಿ ಎಂಜಿನ್ನಿನ ಒಟ್ಟು ರೂಪ ನೋಡಿ ಮೋಸಹೋಗುವುದು ಸುಲಭ, ಪೈಪು ಎಣಿಸಿದರೆ ಮೋಸಹೋಗುವುದು ಸಾಧ್ಯವಿಲ್ಲ. ಟರ್ಬೊ ಎಂಬ ಬಸವನಹುಳುವಿನ ಆಕಾರದ ಎರಕದ ಭಾಗ ಆ ಫೋಟೊದಲ್ಲಿ ಎಲ್ಲಿಯೂ ಇಲ್ಲ.

ಒಳಗಿನ ಫೋಟೊಗಳೂ ಇದನ್ನೇ ಹೇಳುತ್ತವೆ. ಬಾಗಿಲಿನ ಗಾಜು ಇಳಿಸಲು ಕೈಯಿಂದ ತಿರುಗಿಸುವ ಹಿಡಿಕೆಯಿದೆ. ಬಿಸಿಗಾಳಿ, ತಣ್ಣನೆಯ ಗಾಳಿಗಳಿಗೆ ಸರಿಸುವ ಕಡ್ಡಿಗಳಿವೆ. ನೆಲದ ಮೇಲೆ ಮೂರು ಪೆಡಲ್‌ಗಳಿವೆ. ಅಮೆರಿಕದಲ್ಲಿ ಕಂಪನಿಯ ಮೂಲಕವೇ ಮಾರಾಟವಾದ 300ಡಿಗಳೆಲ್ಲ ಆಟೊಮ್ಯಾಟಿಕ್ ಗೇರಿನವು. ಕ್ಲಚ್ಚು, ನಾಲ್ಕು ಗೇರಿನ ಕಾರು ಬೇಕೆಂದವರಿಗೆ ಅಲ್ಲಿ ಸಿಗುತ್ತಿದ್ದುದು 240ಡಿ ಮಾತ್ರ. ಟರ್ಬೊ ಎಂಜಿನ್ನನ್ನು 240ಡಿಗೆ ಕೂರಿಸಿಕೊಂಡ ಹವ್ಯಾಸಿಗಳು ಅಲ್ಲಿ ಇದ್ದಾರೆ, ಆದ್ದರಿಂದ ಒಳಾಂಗಣವನ್ನಷ್ಟೇ ನೋಡಿ ತೀರ್ಪು ಕೊಡಬಾರದು. ನಾಲ್ಕು ಪೈಪುಗಳು ಆ ಅನುಮಾನವನ್ನೂ ಇಲ್ಲಿ ನಿವಾರಿಸಿವೆ. ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಮಗ ಓದಬಲ್ಲನಾದರೆ ಅದು 616.912 ಎಂದು ಶುರುವಾಗಬೇಕು. ಟರ್ಬೊ 300ಡಿಯದು 617.952.

ಮಾರುವವರನ್ನು ಕಳ್ಳರೆಂದು ತಕ್ಷಣ ತೀರ್ಮಾನಿಸಬೇಡಿ. ಎರಡನೆಯ ಫೋಟೊದಲ್ಲಿ ಡಿಕ್ಕಿಯ ಬಾಗಿಲಿನ ಬಣ್ಣ ಪಕ್ಕದ ತಗಡಿಗಿಂತ ತುಸು ಹೊಳಪಾಗಿದೆ. ಹಿಂದಿನಿಂದ ಯಾವುದೋ ವಾಹನ ಗುದ್ದಿ, ಗುಜರಿಯಿಂದ ಬೇರೆ ಕಾರಿನ ಡಿಕ್ಕಿ ಬಾಗಿಲನ್ನು ಅಕ್ಷರಗಳ ಸಮೇತ ತಂದು ಕೂರಿಸಿರುವ ಸಾಧ್ಯತೆ ಹೆಚ್ಚು. ಡಿಕ್ಕಿಯ ಅಕ್ಷರ ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಹಿಂದೊಮ್ಮೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತಿದ್ದ ಕಾರೊಂದರ ಹಿಂಭಾಗ ನೋಡಿ ಇದೇ ಅಂಕಣದಲ್ಲಿ ಅದನ್ನು ಹೊಗಳಿ ಬರೆದೆ. ಅಕ್ಷರಗಳು ಅಂಗಡಿಯಿಂದ ಕೊಂಡು ಅಂಟಿಸಿದವೆಂದು ಅದರ ಚಾಲಕರೇ ಪತ್ರ ಬರೆದು ತಿದ್ದಿದರು.

ಕೊಳ್ಳಬೇಕೇ ಬೇಡವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಾನೇ ರಿಪೇರಿ ಮಾಡಿಕೊಳ್ಳುವವನಿಗೆ 240ಡಿಯೇ ಒಳ್ಳೆಯದು. ಶಕ್ತಿ ಸುಮಾರು 65 ಅಶ್ವಶಕ್ತಿ ಮಾತ್ರ. ಟರ್ಬೊ 300ಡಿಯದು ಸುಮಾರು 120. ಹೆದ್ದಾರಿ ಸೇರುವಾಗ ಹಿಂದಿನವರಿಂದ ಹಾರ್ನ್ ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಬಾಳಿಕೆಯ ಮಾತಿಗೆ ಬಂದರೆ, ಇದರ ಹಿಂದಿನ ಸರಣಿಯ 1976ರ 240ಡಿಯೊಂದನ್ನು ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಚಿನಿಡಿಸ್ 46 ಲಕ್ಷ ಕಿಲೋಮೀಟರ್ ಓಡಿಸಿದರು, 2004ರಲ್ಲಿ ಕಂಪನಿಯೇ ಅದನ್ನು ತನ್ನ ವಸ್ತುಸಂಗ್ರಹಾಲಯಕ್ಕೆ ಪಡೆದುಕೊಂಡಿತು. ಆದರೆ 240ಡಿಯನ್ನು 240ಡಿಯ ಬೆಲೆಗೇ ಕೊಳ್ಳಲಿ.

ಪ್ರಶ್ನೆ: ನಾನು ಸಣ್ಣ ಅಳತೆಯ ಲೋಹದ ಕಾರು ಮಾದರಿಗಳನ್ನು ಸಂಗ್ರಹಿಸುತ್ತೇನೆ. ‘ಅಮೆರಿಕದ 300ಡಿ’ ಎಂಬ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ರೂಪದ ಕಾರುಗಳನ್ನು ನೋಡಿದ್ದೇನೆ. ಇದರಲ್ಲಿ ನಿಜವಾದದ್ದು ಯಾವುದು? (ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ)

ಉತ್ತರ: ನಾಲ್ಕೂ ನಿಜವೇ. ಗೊಂದಲಕ್ಕೆ ಕಾರಣ ಮಾರಾಟ ವಿಭಾಗದವರು, ಎಂಜಿನಿಯರುಗಳಲ್ಲ.

ಮೊದಲನೆಯದು 1975 ಮತ್ತು 76ರ ಮಾದರಿಯದು. 1968ರಲ್ಲಿ ಬಂದ ಹಳೆಯ ಡಬ್ಲ್ಯು115 ದೇಹಕ್ಕೆ ಮೂರು ಲೀಟರಿನ ಐದು ಸಿಲಿಂಡರ್ ಎಂಜಿನ್ ಇಟ್ಟರು. ಪ್ರಯಾಣಿಕರ ಕಾರಿನಲ್ಲಿ ಐದು ಸಿಲಿಂಡರಿನ ಡೀಸೆಲ್ ಬಂದದ್ದು ಅದೇ ಮೊದಲು. ಯುರೋಪಿನಲ್ಲಿ ಇದೇ ಕಾರಿನ ಹೆಸರು ‘240ಡಿ 3.0’ ಎಂದಿತ್ತು, 240 ಎಂದ ಮೇಲೆ 3.0 ಏಕೆ ಎಂದು ಅಮೆರಿಕದ ಗ್ರಾಹಕರಿಗೆ ವಿವರಿಸುವ ತಾಪತ್ರಯ ಬೇಡವೆಂದೋ ಏನೋ, ಅಲ್ಲಿ ನೇರವಾಗಿ 300ಡಿ ಎಂದರು. ಇದನ್ನು ದೂರದಿಂದಲೇ ಗುರುತಿಸಬಹುದು: ಮುಂದಿನ ದೀಪಗಳು ಒಂದರ ಮೇಲೊಂದು ನಿಂತಿರುತ್ತವೆ.

ಎರಡನೆಯದು ಮೇಲೆ ಹೇಳಿದ ಡಬ್ಲ್ಯು123. ದೀಪಗಳು ಅಕ್ಕಪಕ್ಕಕ್ಕೆ ಬಂದವು. ಇದರಲ್ಲೇ ಎರಡು ಕವಲು: 1977ರಿಂದ 81ರವರೆಗೆ ಟರ್ಬೊ ಇಲ್ಲ, 1982ರಿಂದ 85ರವರೆಗೆ ಟರ್ಬೊ ಇದೆ. ಉದ್ದ ದೇಹದ 300ಟಿಡಿಗೆ ಮಾತ್ರ ಒಂದು ವರ್ಷ ಮೊದಲೇ, 1981ರಲ್ಲೇ ಟರ್ಬೊ ಬಂದಿತು. ಡ್ಯಾಶ್‌ಬೋರ್ಡ್ ನೋಡಿದರೂ ಸೆಡಾನಿನ ಕವಲು ತಿಳಿಯುತ್ತದೆ. ಹವಾನಿಯಂತ್ರಣಕ್ಕೆ ಸಾಲಾಗಿ ಒತ್ತುವ ಗುಂಡಿಗಳಿದ್ದರೆ ಅದು 1982 ಅಥವಾ ಅನಂತರದ್ದು.

ಮೂರನೆಯದು 1987ರದ್ದು, ಆ ಒಂದು ವರ್ಷಕ್ಕಷ್ಟೇ ಸೀಮಿತ. ದೇಹ ಹೊಸ ಡಬ್ಲ್ಯು124, ಎಂಜಿನ್ ಆರು ಸಿಲಿಂಡರಿನ ಓಎಂ603, ಜೊತೆಗೆ ಟರ್ಬೊ. ಮುಂದಿನ ಬಲಚಕ್ರದ ಮೇಲಿನ ಮಡ್‌ಗಾರ್ಡಿನಲ್ಲಿ ಮೀನಿನ ಕಿವಿರಿನಂತೆ ಸೀಳುಗಳಿರುತ್ತವೆ. ಟರ್ಬೊ ಗಾಳಿ ಎಳೆದುಕೊಳ್ಳುವುದು ಆ ದಾರಿಯಿಂದ. ಸೀಳು ಬಲಗಡೆ ಮಾತ್ರ ಇರುತ್ತದೆ. ಎರಡೂ ಕಡೆ ಸೀಳು ಕೊರೆದ ಲೋಹದ ಮಾದರಿ ನಿಮ್ಮ ಸಂಗ್ರಹದಲ್ಲಿದ್ದರೆ ಅದನ್ನು ಮಾಡಿದವರು ನಿಜವಾದ ಕಾರನ್ನು ನೋಡಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ತಲೆ ತಿನ್ನುವಂಥದ್ದು. 1990ರಿಂದ 93ರವರೆಗೆ ಅದೇ ಡಬ್ಲ್ಯು124 ದೇಹದಲ್ಲಿ ಎರಡೂವರೆ ಲೀಟರಿನ, ಐದು ಸಿಲಿಂಡರಿನ ಟರ್ಬೊ ಎಂಜಿನ್ ಬಂದಿತು. ಲೀಟರಿನ ಲೆಕ್ಕದಲ್ಲಿ 250ಡಿ ಎನ್ನಬೇಕಾದದ್ದನ್ನು ‘300ಡಿ 2.5 ಟರ್ಬೊ’ ಎಂದು ಮಾರಿದರು. ಮರ್ಸಿಡಿಸ್‌ನಲ್ಲಿ ಅಂಕಿಯೆಂದರೆ ಲೀಟರಿನ ನೂರುಪಟ್ಟು ಎಂಬ ಹಳೆಯ ನಿಯಮ ಇಲ್ಲೂ ಮುರಿದುಬಿತ್ತು. ನಮ್ಮಲ್ಲಿ 1995ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದ ಅದೇ ದೇಹದ ಡೀಸೆಲ್ ಕಾರಿಗೆ ಇ250 ಎಂದೇ ಹೆಸರಿತ್ತು. ಬೆಂಗಳೂರಿನ ಹಳೆಯ ಕಾರು ಮಾರುಕಟ್ಟೆಯಲ್ಲಿ ಅದನ್ನು ನೋಡಿದ ಕಣ್ಣಿಗೆ ಅಮೆರಿಕದ 300ಡಿ ದೊಡ್ಡ ಎಂಜಿನ್ನಿನದೆಂದು ತೋರುವುದು ಸಹಜ. ಗಾತ್ರ ಎರಡರದ್ದೂ ಎರಡೂವರೆ ಲೀಟರ್.

ಆಮೇಲೆ ‘ಇ’ ಅಕ್ಷರ ಅಂಕಿಯ ಮುಂದಕ್ಕೆ ಬಂದು ಇ300 ಡೀಸೆಲ್ ಆಯಿತು. ಅದರಲ್ಲಿ 1996ರಿಂದ 99ರವರೆಗಿನ ದುಂಡು ದೀಪದ ಡಬ್ಲ್ಯು210 ದೇಹದವೂ ಇವೆ. ಅವುಗಳಲ್ಲಿ 1998 ಮತ್ತು 99ರವು ಟರ್ಬೊ. ನಿಮ್ಮ ಕಪಾಟಿನಲ್ಲಿ ಜಾಗವಿದ್ದರೆ ಅವನ್ನೂ ಸೇರಿಸಿಕೊಳ್ಳಬಹುದು, ಆದರೆ 300ಡಿ ಎಂಬ ಚೀಟಿ ಅಂಟಿಸಬೇಡಿ.

ಅಂದಹಾಗೆ, ಕಾರು ಅಮೆರಿಕದ್ದೇ ಎಂದು ತಿಳಿಯಲು ಎಂಜಿನ್ನಿನವರೆಗೂ ಹೋಗಬೇಕಿಲ್ಲ. ಡಬ್ಲ್ಯು123ರಲ್ಲಿ ಬಂಪರುಗಳು ಮೂತಿ ಉಬ್ಬಿಸಿದಂತೆ ಮುಂದಕ್ಕೆ ಚಾಚಿರುತ್ತವೆ. ಗಂಟೆಗೆ 5 ಮೈಲಿ ವೇಗದಲ್ಲಿ ಗುದ್ದಿದರೂ ದೀಪ, ಇಂಧನ ವ್ಯವಸ್ಥೆ ಮೊದಲಾದವು ಕೆಡಬಾರದೆಂಬ 1970ರ ದಶಕದ ಕಾನೂನಿನ ಫಲ ಅದು. ಯುರೋಪಿನ ಕಾರಿನಲ್ಲಿ ದೀಪಗಳಿಗೆಲ್ಲ ಸೇರಿ ಒಂದೇ ಗಾಜಿನ ಮುಚ್ಚಳವಿದ್ದರೆ, ಅಮೆರಿಕದ್ದರಲ್ಲಿ ಬಲ್ಬು, ಗಾಜು ಎಲ್ಲ ಒಂದೇ ಆಗಿ ಮುಚ್ಚಿದ ದುಂಡನೆಯ ‘ಸೀಲ್ಡ್ ಬೀಮ್’ ದೀಪಗಳು ಬಯಲಿಗೆ ಬಿದ್ದಿರುತ್ತವೆ. 1980, 81ರ ಮಾದರಿಯಲ್ಲಿ ಸ್ಪೀಡೋಮೀಟರ್ 85 ಮೈಲಿಗೇ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಅಂಕಿ ಕಂಡರೆ ಚಾಲಕನ ಕಾಲು ಭಾರವಾದೀತೆಂದು ಸರ್ಕಾರವೇ ಹಾಗೆ ವಿಧಿಸಿತ್ತು, 1982ರಲ್ಲಿ ಆ ನಿಯಮವನ್ನು ಕೈಬಿಟ್ಟಿತು.

ಪ್ರಶ್ನೆ: ನಾನು ಕೋಲಾರದಲ್ಲಿ ಡೀಸೆಲ್ ಫಿಟ್ಟರ್. ಟ್ರ್ಯಾಕ್ಸ್ ಗಾಡಿಯ ಎಂಜಿನ್ ಮರ್ಸಿಡಿಸ್ ಎಂಜಿನ್ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ನಿಜವೇ? ನಿಜವಾದರೆ ಈ 240ಡಿ ಕಾರನ್ನು ನಾನು ಬಿಚ್ಚಿ ಕಟ್ಟಬಲ್ಲೆನೇ? (ಕೋಲಾರ)

ಉತ್ತರ: ನಿಮ್ಮ ಗುರುಗಳು ಸರಿಯಾಗಿಯೇ ಹೇಳಿದ್ದಾರೆ. ಈಗ ಫೋರ್ಸ್ ಮೋಟಾರ್ಸ್ ಎಂದು ಹೆಸರಾಗಿರುವ ಬಜಾಜ್ ಟೆಂಪೊ ಸಂಸ್ಥೆ 1980ರ ದಶಕದಲ್ಲಿ ಡೈಮ್ಲರ್-ಬೆನ್ಸ್‌ನಿಂದ ಪರವಾನಗಿ ಪಡೆದು ಇಲ್ಲಿ ತಯಾರಿಸಿದ್ದು ಓಎಂ616 ಎಂಜಿನ್ನನ್ನೇ. ಟ್ರ್ಯಾಕ್ಸ್, ಟ್ರಾವೆಲರ್ ಗಾಡಿಗಳಿಗೆ ಅದು ಬಂದಿತು, ಮುಂದೆ ಗಾತ್ರ ಹಿಗ್ಗಿ ಸುಮಾರು 2.6 ಲೀಟರ್ ಆಯಿತು. ಅಂದರೆ ಓಹಾಯೋದ ಆ ಕಾರಿನ ಎಂಜಿನ್ನಿನ ದಾಯಾದಿಯೊಂದು ಶ್ರೀನಿವಾಸಪುರದಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಜೊತೆಗೆ ಜನರನ್ನೂ ತುಂಬಿಕೊಂಡು ಬಂದಿರುವ ಸಾಧ್ಯತೆ ಧಾರಾಳವಾಗಿದೆ. ಅಮೆರಿಕದಲ್ಲಿ ಇದನ್ನು ಪ್ರತಿಷ್ಠೆಯ ಸೆಡಾನ್ ಎಂದು ಒರೆಸಿ ತೊಳೆದು ಇಡುತ್ತಾರೆ. ನಮ್ಮಲ್ಲಿ ಅದೇ ಎಂಜಿನ್ನು ಬಾಗಿಲಿಗೆ ಜೋತುಬಿದ್ದ ಕ್ಲೀನರ್ ಸಮೇತ ಹದಿನೈದು ಜನರನ್ನು ಎಳೆಯಿತು. ಯಾವುದು ದೊಡ್ಡ ಪರೀಕ್ಷೆ ಎಂದು ನೀವೇ ಬಲ್ಲಿರಿ.

ಬಿಚ್ಚಿ ಕಟ್ಟುವ ಕೈ ನಿಮಗೆ ಖಂಡಿತ ಇದೆ. ಆದರೆ ಬಿಡಿಭಾಗಗಳನ್ನು ಹೆಸರಿನ ಮೇಲೆ ಅದಲುಬದಲು ಮಾಡಬೇಡಿ. ಗಾತ್ರ ಬದಲಾದ ಮೇಲೆ ಪಿಸ್ಟನ್, ಗ್ಯಾಸ್ಕೆಟ್ ಮುಂತಾದವನ್ನು ಅಳತೆ ಹಿಡಿದು ನೋಡದೆ ಕೂರಿಸಬಾರದು. ಒಂದು ವ್ಯತ್ಯಾಸ ನಿಮ್ಮ ಗಮನದಲ್ಲಿರಲಿ. 1970ರ ದಶಕದ 240ಡಿ, 300ಡಿಗಳಲ್ಲಿ ಹೀಟರ್ ಪ್ಲಗ್ಗುಗಳನ್ನು (ತಣ್ಣಗಿರುವ ಎಂಜಿನ್ ಹಿಡಿಯಲು ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್ಗುಗಳು) ಒಂದರಿಂದ ಇನ್ನೊಂದಕ್ಕೆ ವೈರು ಎಳೆದು ಸರಣಿಯಲ್ಲಿ ಜೋಡಿಸಿದ್ದರು. ಗಣಪತಿ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ಟಿನಂತೆ ಒಂದು ಸುಟ್ಟರೆ ಎಲ್ಲವೂ ಸತ್ತಂತೆ. ಸುಮಾರು 1980ರಿಂದ ಪೆನ್ಸಿಲ್ ಆಕಾರದ ಪ್ಲಗ್ಗುಗಳು ಬಂದು ಪ್ರತಿಯೊಂದಕ್ಕೂ ಬೇರೆ ಬೇರೆ ವೈರು ಹೋಯಿತು. ಬೆಳಗಿನ ಚಳಿಯಲ್ಲಿ ಒಂದು ಸಿಲಿಂಡರ್ ಮಾತ್ರ ಹೊಗೆಯಾಡಿ ಉಳಿದವು ಹಿಡಿದುಕೊಂಡರೆ ಅದು ಹೊಸ ಬಗೆ. ಒಂದೂ ಹಿಡಿಯದಿದ್ದರೆ ಹಳೆಯ ಬಗೆಯೆಂದು ಅನುಮಾನಿಸಿ. ವರ್ಷ ಗುರುತಿಸುವುದಕ್ಕೂ ಇದು ಒಂದು ದಾರಿ, ಆದರೆ ಎಷ್ಟೋ ಮಾಲೀಕರು ಹಳೆಯದನ್ನು ಕಿತ್ತು ಹೊಸ ಬಗೆ ಹಾಕಿಸಿಕೊಂಡಿರುವುದರಿಂದ ಇದೊಂದನ್ನೇ ನೆಚ್ಚಬೇಡಿ.

ಪ್ರಶ್ನೆ: 190ಡಿ ಎಂಬ ಸಣ್ಣ ಕಾರಿನಲ್ಲಿ ಅಮೆರಿಕಕ್ಕೆ ಎಷ್ಟು ಬಗೆ ಹೋದವು? (ತಿಪಟೂರು)

ಉತ್ತರ: ಮೂರು. 1984, 85ರಲ್ಲಿ ನಾಲ್ಕು ಸಿಲಿಂಡರಿನ 2.2, 1986ರಿಂದ 89ರವರೆಗೆ ಐದು ಸಿಲಿಂಡರಿನ 2.5, ನಡುವೆ 1987ರಲ್ಲಿ ಮಾತ್ರ 2.5 ಟರ್ಬೊ. ಗಾತ್ರದ ಅಂಕಿ ಡಿಕ್ಕಿಯ ಬಲಬದಿಯಲ್ಲಿರುತ್ತದೆ, ಆದರೆ ಟರ್ಬೊವನ್ನು ಬಲ ಮಡ್‌ಗಾರ್ಡಿನ ಸೀಳಿನಿಂದ ಗುರುತಿಸುವುದು ಹೆಚ್ಚು ಭದ್ರ. ಯುರೋಪಿನ 190ಡಿಯಲ್ಲಿ ಎರಡು ಲೀಟರಿನ ಎಂಜಿನ್ ಇತ್ತು, 2.2ನ್ನು ಉತ್ತರ ಅಮೆರಿಕಕ್ಕೆಂದೇ ಮಾಡಿದ್ದರು.

ಪ್ರಶ್ನೆ: ಇಂಥ ಕಾರನ್ನು ಅಮೆರಿಕದಿಂದ ತರಿಸಿ ಇಲ್ಲಿ ನೋಂದಾಯಿಸಬಹುದೇ? (ಶಿರಾ, ತುಮಕೂರು ಜಿಲ್ಲೆ)

ಉತ್ತರ: ಆಸೆ ಬಿಡಿ. ನಮ್ಮ ಆಮದು ನಿಯಮದಲ್ಲಿ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು. ಈ ಕಾರು ಮೂರರಲ್ಲೂ ನಪಾಸು.

ಆದರೆ ಸ್ಟೇರಿಂಗಿನ ಮಾತು ಬಂದದ್ದರಿಂದ ಗುರುತಿಸುವಿಕೆಯ ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. 1981ಕ್ಕಿಂತ ಹಿಂದಿನ ಮರ್ಸಿಡಿಸ್ ಚಾಸಿ ನಂಬರಿನಲ್ಲಿ ಮೊದಲ ಆರು ಅಂಕಿ ಮಾದರಿಯದು. ಏಳನೆಯದು 1 ಆದರೆ ಸ್ಟೇರಿಂಗ್ ಎಡಕ್ಕೆ, 2 ಆದರೆ ಬಲಕ್ಕೆ. ಎಂಟನೆಯದು 0 ಆದರೆ ಕೈಗೇರು, 2 ಆದರೆ ಆಟೊಮ್ಯಾಟಿಕ್. ಹಾಗಾಗಿ 123.123-10 ಎಂದು ಶುರುವಾದರೆ ಅದು ಎಡಗಡೆ ಸ್ಟೇರಿಂಗಿನ, ಕ್ಲಚ್ಚಿರುವ 240ಡಿ. ಯುರೋಪಿನ ಕಾರುಗಳಲ್ಲಿ 1981ರ ಅನಂತರವೂ ತಯಾರಕರ ಮೂರು ಅಕ್ಷರಗಳ ಬೆನ್ನಿಗೇ ಈ ಆರು ಅಂಕಿಗಳು ಮುಚ್ಚುಮರೆಯಿಲ್ಲದೆ ಕಾಣುತ್ತವೆ. ಅದರಲ್ಲಿ ವರ್ಷದ ಅಕ್ಷರ ಇರುವುದಿಲ್ಲ. ಅಮೆರಿಕದಲ್ಲಿ ನಿಂತ ಕಾರಿನ ಪಟ್ಟಿಯಲ್ಲಿ ‘ಎ-ಬಿ’ ಬದಲು 123 ಎಂದೇ ಇದ್ದರೆ ಅದು ಕಂಪನಿಯ ಮೂಲಕ ಅಲ್ಲಿ ಮಾರಾಟವಾದದ್ದಲ್ಲ, ಯಾರೋ ಖಾಸಗಿಯಾಗಿ ಹಡಗಿನಲ್ಲಿ ತರಿಸಿಕೊಂಡದ್ದು. 1980ರ ದಶಕದಲ್ಲಿ ಡಾಲರ್ ಬಲವಾಗಿದ್ದಾಗ ಹೀಗೆ ಬಹಳಷ್ಟು ಕಾರುಗಳು ಹೋದವು. 1988ರ ಕಾನೂನು ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತು. ಕ್ಲಚ್ಚಿರುವ 300ಡಿ, ಕಂಪನಿ ಅಲ್ಲಿ ಮಾರದ ಡಬ್ಲ್ಯು123 ದೇಹದ 200ಡಿ, 1984ರ 240ಡಿ ಇಂಥವು ಅಮೆರಿಕದಲ್ಲಿ ಕಂಡರೆ ಹೆಚ್ಚಾಗಿ ಈ ಬಗೆಯವು.

ಪ್ರಶ್ನೆ: ನಮ್ಮ ಚಿಕ್ಕಪ್ಪನವರು ಹೂಸ್ಟನ್ನಿನಲ್ಲಿದ್ದಾಗ ತೆಗೆಸಿಕೊಂಡ ಫೋಟೊ ಆಲ್ಬಮ್ಮಿನಲ್ಲಿದೆ, ಹಿಂದೆ 1982 ಎಂದು ಬರೆದಿದೆ. ಬೂದುಬಣ್ಣದ ದೊಡ್ಡ ಮರ್ಸಿಡಿಸ್. ಡಿಕ್ಕಿಯ ಅಕ್ಷರಗಳಲ್ಲಿ ‘300’ ಮಾತ್ರ ಕಾಣುತ್ತದೆ, ಉಳಿದದ್ದನ್ನು ಅವರ ಕಾಲು ಮರೆಮಾಡಿದೆ. ಚಿಕ್ಕಪ್ಪ ಈಗ ಇಲ್ಲ. ಅದು ಡೀಸೆಲ್ ಕಾರೆಂದು ಅವರು ಹೇಳುತ್ತಿದ್ದರು, ಮನೆಯಲ್ಲಿ ಯಾರೂ ನಂಬುವುದಿಲ್ಲ. (ಚಿಕ್ಕಬಳ್ಳಾಪುರ)

ಉತ್ತರ: ಚಿಕ್ಕಪ್ಪನವರ ಮಾತು ನಿಜ. ಅದು ಸಾಮಾನ್ಯ ಡೀಸೆಲ್ ಕಾರೂ ಅಲ್ಲ.

ಫೋಟೊದಲ್ಲಿ ಮೂರು ವಿಷಯಗಳನ್ನು ನೋಡಿದೆ. ಬಂಪರ್ ಹೊಳೆಯುವ ಕ್ರೋಮಿನದು, ಅದರ ಮೇಲೆ ದಪ್ಪ ರಬ್ಬರ್. ಬಾಗಿಲಿನ ಕೆಳಭಾಗ ಮೇಲಿನಷ್ಟೇ ನಯವಾದ ತಗಡು, ಅಲ್ಲಿ ಬೇರೆ ಬಣ್ಣದ ಪ್ಲಾಸ್ಟಿಕ್ ಹಲಗೆಯಿಲ್ಲ. ಹಿಂದಿನ ದೀಪದ ಗಾಜು ಏರಿಳಿತದ ಗೆರೆಗಳುಳ್ಳದ್ದು. ಗೆರೆಯ ದೀಪ ಆ ಕಾಲದ ಎಲ್ಲ ಮರ್ಸಿಡಿಸ್‌ಗಳಲ್ಲೂ ಇತ್ತಾದ್ದರಿಂದ ಅದನ್ನು ಬಿಡೋಣ. ದೇಹದ ದೊಡ್ಡ ಗಾತ್ರದ ಜೊತೆಗೆ ಮೊದಲ ಎರಡೂ ಸೇರಿ ಇದು ಡಬ್ಲ್ಯು116, ಅಂದರೆ ಮರ್ಸಿಡಿಸ್‌ನ ಅಂದಿನ ದೊಡ್ಡ ಕಾರುಗಳ ದೇಹವೆಂದು ಹೇಳುತ್ತವೆ. ಇದರ ಅನಂತರ ಬಂದ ಡಬ್ಲ್ಯು126ರಲ್ಲಿ ಬಂಪರ್ ಪ್ಲಾಸ್ಟಿಕ್ಕಿನದಾಗಿ ದೇಹದೊಡನೆ ಬೆರೆತುಹೋಯಿತು, ಬಾಗಿಲಿನ ಕೆಳಗೆ ಹಲಗೆ ಬಂದಿತು.

ಇನ್ನು ‘300’. ಡಬ್ಲ್ಯು116ರ ಪೆಟ್ರೋಲ್ ಕಾರುಗಳಿಗೆ 280, 350, 450 ಎಂಬ ಅಂಕಿಗಳಿದ್ದವು. 300 ಎಂಬ ಅಂಕಿ ಆ ದೇಹದಲ್ಲಿ ಒಂದೇ ಒಂದು ಕಾರಿಗೆ ಸಲ್ಲುತ್ತದೆ: 300ಎಸ್‌ಡಿ. ಚಿಕ್ಕಪ್ಪನವರ ಕಾಲು ಮುಚ್ಚಿರುವುದು ‘ಎಸ್‌ಡಿ’ ಎಂಬ ಎರಡು ಅಕ್ಷರಗಳನ್ನೇ.

ಈ ಕಾರಿನ ಹಿಂದೆ ಒಂದು ಕಥೆಯಿದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ 1975ರಲ್ಲಿ ಕಾನೂನು ಮಾಡಿ, ಒಂದು ಕಂಪನಿ ವರ್ಷದಲ್ಲಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜು ಇಂತಿಷ್ಟು ಇರಲೇಬೇಕೆಂದು 1978ರ ಮಾದರಿಯಿಂದ ಜಾರಿಗೆ ತಂದಿತು. ದೊಡ್ಡ ಪೆಟ್ರೋಲ್ ಕಾರುಗಳನ್ನೇ ಮಾರಿದರೆ ಸರಾಸರಿ ಕುಸಿಯುತ್ತದೆ; ದೊಡ್ಡ ಕಾರಿಗೆ ಸಾಮಾನ್ಯ ಡೀಸೆಲ್ ಎಂಜಿನ್ ಇಟ್ಟರೆ ನಮ್ಮ ನಂದಿ ಬೆಟ್ಟದಂಥ ಏರಿನಲ್ಲಿ ಸೈಕಲ್ಲಿನವರು ಹಿಂದೆ ಹಾಕಿಯಾರು. ಮರ್ಸಿಡಿಸ್‌ನವರು ಸಿ111 ಎಂಬ ಪ್ರಯೋಗದ ಕಾರಿಗೆ ಐದು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಟರ್ಬೊ ಸಮೇತ ಕೂರಿಸಿ, 1976ರಲ್ಲಿ ಇಟಲಿಯ ನಾರ್ಡೊದಲ್ಲಿ ಓಡಿಸಿ ವೇಗದ ದಾಖಲೆಗಳನ್ನು ಮಾಡಿದ್ದರು. ಆ ಅನುಭವವನ್ನು ಮಾರಾಟದ ಕಾರಿಗೆ ಇಳಿಸಿದ್ದೇ 300ಎಸ್‌ಡಿ. ಟರ್ಬೊ ಡೀಸೆಲ್ ಎಂಜಿನ್ನಿನೊಂದಿಗೆ ತಯಾರಾಗಿ ಮಾರಾಟವಾದ ಜಗತ್ತಿನ ಮೊದಲ ಪ್ರಯಾಣಿಕರ ಕಾರು ಅದೇ. 1978ರಿಂದ 80ರವರೆಗೆ 28,634 ತಯಾರಾದವು. ಮಾರಿದ್ದು ಅಮೆರಿಕ, ಕೆನಡಾಗಳಲ್ಲಿ ಮಾತ್ರ; ಜರ್ಮನಿಯ ಗ್ರಾಹಕ ದುಡ್ಡು ಹಿಡಿದು ನಿಂತರೂ ಅವನಿಗೆ ಸಿಗುತ್ತಿರಲಿಲ್ಲ.

ಅನಂತರ ಡಬ್ಲ್ಯು126 ದೇಹದಲ್ಲೂ 1981ರಿಂದ 85ರವರೆಗೆ 300ಎಸ್‌ಡಿ ಎಂಬ ಹೆಸರೇ ಮುಂದುವರಿಯಿತು. ಕಾರ್ಖಾನೆಯ ಸಂಖ್ಯೆಯಲ್ಲೂ ಹಳೆಯದು 116.120, ಹೊಸದು 126.120 ಎಂದು ಒಂದೇ ಅಂಕಿಯ ಅಂತರ. 1986, 87ರಲ್ಲಿ ಉದ್ದ ಹೆಚ್ಚಿ ಆರು ಸಿಲಿಂಡರಿನ 300ಎಸ್‌ಡಿಎಲ್ ಆಯಿತು. ಫೋಟೊ 1982ರದ್ದಾದ್ದರಿಂದ ಹೊಸ ದೇಹದ ಕಾರಾಗಿರಬಹುದೆಂದು ಮೊದಲು ನಾನೂ ಭಾವಿಸಿದ್ದೆ. ಬಂಪರ್ ನೋಡಿದ ಮೇಲೆ ಆ ಅನುಮಾನ ಹೋಯಿತು. ಚಿಕ್ಕಪ್ಪನವರ ಬಳಿ ಇದ್ದದ್ದು ಆಗಲೇ ಎರಡರಿಂದ ನಾಲ್ಕು ವರ್ಷ ಹಳೆಯದಾಗಿದ್ದ ಕಾರು.

ವರ್ಷವನ್ನು ಇನ್ನೂ ಕಿರಿದು ಮಾಡಬೇಕೆಂದಿದ್ದರೆ ಆಲ್ಬಮ್ಮಿನಲ್ಲಿ ಕಾರಿನ ಒಳಗಿನಿಂದ ತೆಗೆದ ಫೋಟೊ ಏನಾದರೂ ಇದೆಯೇ ಹುಡುಕಿ. ಸ್ಟೇರಿಂಗಿನ ಹಿಂದಿನ ಮೀಟರ್ 85ಕ್ಕೆ ನಿಂತಿದ್ದರೆ ಅದು 1980ರ ಮಾದರಿ, ಅದಕ್ಕಿಂತ ಮುಂದೆ ಹೋಗಿದ್ದರೆ ಅದಕ್ಕೂ ಹಿಂದಿನದು. ಸಿಕ್ಕರೆ ಕಳಿಸಿಕೊಡಿ, ಮುಂದಿನ ತಿಂಗಳು ಅಂಕಣದಲ್ಲಿ ಒಂದು ಮೂಲೆ ಬಿಟ್ಟಿರುತ್ತೇನೆ.